ಹುಳಿಯ ಪರೀಕ್ಷೆ

ನಮ್ಮ ಅಡಿಗೆಮನೆಗಳಲ್ಲಿ ಹುಳಿಗೆ ಸಲ್ಲುವ ಮರ್ಯಾದೆ ಬೇರೆ ಯಾವ ರಸಕ್ಕೂ ಸಲ್ಲುವುದಿಲ್ಲವೆಂದು ನನಗೆ ತೋರುತ್ತದೆ. ಊಟದ ಮುಖ್ಯ ವ್ಯಂಜನಕ್ಕೆ ‘ಹುಳಿ’ ಎಂದೇ ಹೆಸರಿಟ್ಟವರು ನಾವು. ಹುಣಸೆಯ ಹುಳಿ, ನಿಂಬೆಯ ಹುಳಿ, ಮಾವಿನಕಾಯಿಯ ಹುಳಿ, ಅಮಟೆಯ ಹುಳಿ, ಮೂರು ದಿನದ ಮಜ್ಜಿಗೆಯ ಹುಳಿ ಇವುಗಳನ್ನೆಲ್ಲ ನಮ್ಮ ನಾಲಗೆ ಕಣ್ಣುಮುಚ್ಚಿಕೊಂಡು ಬೇರೆ ಬೇರೆಯಾಗಿ ಗುರುತಿಸಬಲ್ಲುದು. ಆದರೆ ಗುರುತಿಸುವುದು ಬೇರೆ, ತೀರ್ಪು ಕೊಡುವುದು ಬೇರೆ. ಈ ಭೇದವನ್ನು ನಾನು ತಿಳಿದುಕೊಂಡದ್ದು ಅರವತ್ತಾರನೆಯ ವಯಸ್ಸಿನಲ್ಲಿ, ಪರದೇಶದಲ್ಲಿ, ಒಂದು ಲೋಟ ಬಿಯರಿನ ಮುಂದೆ ಕುಳಿತು. ಈ ಕೊನೆಯ ಮಾತನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಪೂರ್ತಿ ಓದಿ ಆಮೇಲೆ ನಿರ್ಣಯಿಸಬೇಕೆಂದು ಅವರಲ್ಲಿ ನನ್ನ ಬಿನ್ನಹ. ನಾನು ಹೇಳಹೊರಟಿರುವುದೂ ಅದನ್ನೇ.

ನನ್ನ ಮಗ ಬೆಲ್ಜಿಯಂ ದೇಶದ ಲುವೆನ್ ಪಟ್ಟಣದಲ್ಲಿದ್ದಾನೆ. 1425ರಲ್ಲಿ ಸ್ಥಾಪಿತವಾದ ಹಳೆಯ ವಿಶ್ವವಿದ್ಯಾಲಯವೊಂದು ಆ ಊರಿನಲ್ಲುಂಟು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರವನ್ನು ಓದಿ, ಔಷಧಗಳ ಕಾರ್ಖಾನೆಯೊಂದರಲ್ಲಿ ಒಳ್ಳೆಯ ಸಂಬಳಕ್ಕಿದ್ದವನು, ಒಂದು ದಿನ ಕೆಲಸವನ್ನು ಬಿಟ್ಟು, ಬಿಯರು ತಯಾರಿಸುವ ಶಾಸ್ತ್ರವನ್ನು ಕಲಿಯುವೆನೆಂದು ಅಲ್ಲಿಗೆ ಹೊರಟುಹೋದನು. ನೆಂಟರಿಷ್ಟರು ಕೇಳಿದಾಗ ನಾನು ‘ಸೂಕ್ಷ್ಮಜೀವಿಗಳ ವಿಷಯವಾಗಿ ಓದುತ್ತಿದ್ದಾನೆ’ ಎನ್ನುತ್ತಿದ್ದೆನು. ಅದು ಸುಳ್ಳಲ್ಲ, ಆದರೆ ಸತ್ಯವನ್ನು ಅರ್ಧದಾರಿಯಲ್ಲಿಯೇ ಇಳಿಸಿ ಮುಂದೆ ಹೋಗುತ್ತಿದ್ದೆನು. ನಮ್ಮ ಮನೆತನದಲ್ಲಿ ಮದ್ಯದ ಹೆಸರನ್ನೆತ್ತುವ ಪದ್ಧತಿಯಿರಲಿಲ್ಲ. ಅದಕ್ಕೆ ಧರ್ಮಶಾಸ್ತ್ರಕ್ಕಿಂತ ಹತ್ತಿರದ ಕಾರಣವೊಂದಿತ್ತು. ಅದನ್ನು ಮುಂದೆ ಹೇಳುತ್ತೇನೆ.

2023ರ ಮಾರ್ಚಿಯಲ್ಲಿ ನಾನು ಎರಡು ತಿಂಗಳ ಮಟ್ಟಿಗೆ ಮಗನಲ್ಲಿಗೆ ಹೋದೆನು. ಹೋದ ಮೊದಲನೆಯ ವಾರದಲ್ಲಿಯೇ ಅವನು ನನ್ನನ್ನು ಬ್ರಸೆಲ್ಸ್ ನಗರದ ಆಂಡರ್ಲೆಖ್ಟ್ ಭಾಗದಲ್ಲಿರುವ ಕ್ಯಾಂಟಿಯೋನ್ ಎಂಬ ಬಿಯರು ಮನೆಗೆ ಕರೆದುಕೊಂಡು ಹೋದನು. 1900ರಲ್ಲಿ ಒಂದು ಕುಟುಂಬದವರು ಆರಂಭಿಸಿದ ಕಸಬು ಅದು. 1978ರಿಂದ ಅದೇ ಕಟ್ಟಡ ವಸ್ತುಸಂಗ್ರಹಾಲಯವಾಗಿಯೂ ಇದೆ. ಹೊಳೆಯುವ ಯಂತ್ರಗಳನ್ನು ನಿರೀಕ್ಷಿಸಿದ್ದ ನನಗೆ ಕಂಡದ್ದು ನಮ್ಮ ಹಳೆಯ ಕಣಜದಂತಹ ಮಬ್ಬು ಮನೆ, ಸಾಲುಸಾಲಾಗಿ ಮಲಗಿಸಿದ ಮರದ ಪೀಪಾಯಿಗಳು, ತೊಲೆಗಳ ಮೂಲೆಯಲ್ಲೆಲ್ಲ ಜೇಡರ ಬಲೆಗಳು. ಆ ಬಲೆಗಳನ್ನು ಅವರು ಗುಡಿಸುವುದಿಲ್ಲವಂತೆ. ಹಣ್ಣಿನ ವಾಸನೆಗೆ ಬರುವ ನುಸಿಗಳನ್ನು ಜೇಡಗಳು ತಿನ್ನುತ್ತವೆ. ಆದುದರಿಂದ ಅವುಗಳಿಗೆ ಅಲ್ಲಿ ವಾಸದ ಹಕ್ಕುಂಟು.

ಮಾಡುವ ಕ್ರಮವನ್ನು ಮಗನು ವಿವರಿಸಿದನು. ಮೊಳಕೆ ಬರಿಸಿ ಒಣಗಿಸಿದ ಜವೆಗೋದಿಯ ಜೊತೆಗೆ ಮೂರರಲ್ಲೊಂದು ಪಾಲಿನಷ್ಟು ಹಸಿ ಗೋದಿಯನ್ನು ಸೇರಿಸಿ, ಬಿಸಿನೀರಿನಲ್ಲಿ ಕಲಸಿ, ಅದರ ಸಿಹಿಯಾದ ರಸವನ್ನು ತೆಗೆಯುತ್ತಾರೆ. ಹಾಪ್ ಎಂಬ ಬಳ್ಳಿಯ ಹೂವುಗಳನ್ನು ವರ್ಷಗಟ್ಟಲೆ ಹಳತಾಗಿಸಿ, ಕಹಿಯನ್ನು ಕಳೆದು, ಆ ರಸದಲ್ಲಿ ಕುದಿಸುತ್ತಾರೆ. ಕುದಿದ ರಸವನ್ನು ಮಾಡಿನ ಕೆಳಗಿರುವ ಅಗಲವಾದ ತಾಮ್ರದ ತೊಟ್ಟಿಯಲ್ಲಿ ಹರಡಿ ಒಂದು ರಾತ್ರಿ ಹಾಗೆಯೇ ಬಿಡುತ್ತಾರೆ. ಹೆಪ್ಪು ಹಾಕುವವರು ಯಾರೂ ಇಲ್ಲ. ಗಾಳಿಯಲ್ಲಿಯೂ ಮರದಲ್ಲಿಯೂ ಇರುವ ಸೂಕ್ಷ್ಮಜೀವಿಗಳೇ ಬಂದು ಆ ಕೆಲಸವನ್ನು ಮಾಡಬೇಕು. ಬೇಸಗೆಯ ಗಾಳಿ ಇದಕ್ಕೆ ಆಗದು. ಆದುದರಿಂದ ಸುಮಾರು ಅಕ್ಟೋಬರಿನಿಂದ ಏಪ್ರಿಲಿನವರೆಗೆ ಮಾತ್ರ ಈ ಕಾರ್ಯ. ಅನಂತರ ಪೀಪಾಯಿಗೆ ತುಂಬಿ ಒಂದು, ಎರಡು, ಮೂರು ವರ್ಷ ಕಾಯುತ್ತಾರೆ. ಚೆರಿ ಹಣ್ಣುಗಳನ್ನು ಬೀಜಸಹಿತವಾಗಿ ಪೀಪಾಯಿಗೆ ಹಾಕಿ ನೆನೆಯಿಸಿದರೆ ‘ಕ್ರೀಕ್’ ಎಂಬ ಕೆಂಪು ಹುಳಿ ಬಿಯರಾಗುತ್ತದೆ.

ಅವನು ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಉಳಿಯಿತು. ಪೀಪಾಯಿಯೊಳಗೆ ಜೀವಿಗಳು ಸರದಿಯ ಮೇಲೆ ಬರುತ್ತವೆ. ಮೊದಲು ಕೆಲವು ಬ್ಯಾಕ್ಟೀರಿಯಾಗಳು, ಬಳಿಕ ಸಾಮಾನ್ಯವಾದ ಯೀಸ್ಟು, ಅದಾದ ಮೇಲೆ ಹುಳಿಯನ್ನು ತರುವ ಪೆಡಿಯೊಕಾಕಸ್ ಎಂಬುದು. ಈ ಕಾಲದಲ್ಲಿ ಬಿಯರು ಕೆಲವು ವೇಳೆ ಲೋಳೆಯಂತೆ ಮಂದವಾಗಿ ಎಳೆಯೆಳೆಯಾಗಿ ಸುರಿಯುತ್ತದೆ. ಅದಕ್ಕೆ ಕಾಯಿಲೆಯಾಗಿದೆಯೆಂದೇ ಆ ಕಸಬಿನವರು ಹೇಳುತ್ತಾರೆ. ತಿಳಿಯದವನು ನೋಡಿದರೆ ಚರಂಡಿಗೆ ಚೆಲ್ಲಿಬಿಡುವನು. ತಿಳಿದವನು ಬಿರಡೆಯನ್ನು ಮತ್ತೆ ಹಾಕಿ ಸುಮ್ಮನಿರುವನು. ತಿಂಗಳುಗಳು ಕಳೆದ ಮೇಲೆ ಬ್ರೆಟನೊಮೈಸಿಸ್ ಎಂಬ ಇನ್ನೊಂದು ಯೀಸ್ಟು ಆ ಲೋಳೆಯನ್ನು ಕರಗಿಸಿ ಬಿಯರನ್ನು ತಿಳಿಗೊಳಿಸುತ್ತದೆ. 1904ರಲ್ಲಿ ಡೆನ್ಮಾರ್ಕಿನ ಕ್ಲಾಸೆನ್ ಎಂಬ ವಿಜ್ಞಾನಿ ಇಂಗ್ಲಿಷರ ಬಿಯರಿನಲ್ಲಿ ಇದನ್ನು ಕಂಡು ‘ಬ್ರಿಟಿಷ್ ಶಿಲೀಂಧ್ರ’ವೆಂಬರ್ಥದ ಈ ಹೆಸರನ್ನು ಕೊಟ್ಟನು. ಇಂದು ಅದು ಹೆಚ್ಚು ಪ್ರಸಿದ್ಧವಾಗಿರುವುದು ಬೆಲ್ಜಿಯಮಿನ ಬಿಯರಿನಿಂದ. ಹೆಸರಿಟ್ಟ ಊರು ಒಂದು, ಬಾಳಿದ ಊರು ಇನ್ನೊಂದು.

ಮನೆಗೆ ಬಂದ ಮೇಲೆ ಮಗನು ಸಂಕೋಚಪಡುತ್ತ, ‘ಅಪ್ಪ, ನಾನೂ ಒಂದನ್ನು ಮಾಡಿದ್ದೇನೆ. ನೀವು ಒಮ್ಮೆ ನೋಡುತ್ತೀರಾ?’ ಎಂದನು. ಇಪ್ಪತ್ತು ಲೀಟರು ಬಿಯರಿಗೆ ಐದು ಕಿಲೋ ಹುಳಿ ಚೆರಿಯನ್ನು ಹಾಕಿ ಹದಿನೆಂಟು ತಿಂಗಳು ಇಟ್ಟದ್ದು. ಒಳ್ಳೆಯ ಹುಳಿ ಬಿಯರಿನ ಸೀಸೆಯ ತಳದಲ್ಲಿ ಉಳಿದ ಗಸಿಯನ್ನೇ ಹೆಪ್ಪಾಗಿ ಹಾಕಿದ್ದನಂತೆ. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರು ಇಂದಿನ ಹಾಲಿಗೆ ಹೆಪ್ಪಾಗುವಂತೆ. ಸಾಧಾರಣವಾದ ಕ್ರೀಕಿನಲ್ಲಿ ಶೇಕಡಾ 5 ಅಥವಾ 6ರಷ್ಟು ಮದ್ಯಸಾರವಿದ್ದರೆ ಇವನದರಲ್ಲಿ 9 ಇದ್ದಿತು. ಮದ್ಯಸಾರ ಹೆಚ್ಚಿದಷ್ಟೂ ಹುಳಿ ತರುವ ಜೀವಿಗಳು ನಿಧಾನವಾಗುತ್ತವೆ. ಆದುದರಿಂದ ಬಲವಾದ ಬಿಯರನ್ನು ಹುಳಿಯಾಗಿಸುವುದು ಕಠಿನ. ಇದನ್ನು ಅವನು ಮನೆಯಲ್ಲಿ ಬಿಯರು ಮಾಡುವವರ ಸ್ಪರ್ಧೆಯೊಂದಕ್ಕೆ ಕಳುಹಿಸಿದ್ದನು. ತೀರ್ಪಿನ ಪತ್ರ ಬಂದಿತ್ತು. ಅದನ್ನು ನನಗೆ ತೋರಿಸಲಿಲ್ಲ.

ನಾನು ಅದುವರೆಗೆ ಮದ್ಯವನ್ನು ಮುಟ್ಟಿದವನಲ್ಲ. ಅದು ವ್ರತವಲ್ಲ, ಹಟವೆನ್ನಬಹುದು. ‘ನುಂಗದೆ ಪರೀಕ್ಷಿಸಬಹುದೋ?’ ಎಂದು ಕೇಳಿದೆನು. ದ್ರಾಕ್ಷಾರಸದವರು ಉಗುಳುತ್ತಾರೆ, ಬಿಯರಿನವರು ಒಂದು ಗುಟುಕನ್ನಾದರೂ ನುಂಗುತ್ತಾರೆ, ಗಂಟಲಿನಲ್ಲಿ ಇಳಿದ ಮೇಲೆ ಕಾಣುವ ಗುಣದೋಷಗಳಿವೆ ಎಂದು ಅವನು ಹೇಳಿದನು. ಒಂದು ಚಮಚದಷ್ಟನ್ನು ಬಾಯಿಗೆ ಬಿಟ್ಟುಕೊಂಡೆನು. ಬೆಲ್ಲದ ಪಾನಕದ ಬಣ್ಣಕ್ಕೆ ಕೆಂಪು ಬೆರೆತಂತಿದ್ದ ಆ ದ್ರವದಿಂದ ನಾನು ಹಣ್ಣಿನ ಸಿಹಿಯನ್ನು ನಿರೀಕ್ಷಿಸಿದ್ದೆನು. ಬಂದದ್ದು ಹಲ್ಲು ಚುಮ್ಮೆನ್ನುವ ಹುಳಿ, ಅದರ ಹಿಂದೆ ದನದ ಕೊಟ್ಟಿಗೆಯ ವಾಸನೆ.

‘ಇದು ಕೆಟ್ಟಿದೆಯಪ್ಪ’ ಎಂದೆನು.

ಮಗನು ವಾದಿಸಲಿಲ್ಲ. ‘ಹಾಗೆಯೇ ಆಗಲಿ, ಅಪ್ಪ’ ಎಂದು ಲೋಟವನ್ನು ತೆಗೆದುಕೊಂಡು ಒಳಗೆ ಹೋದನು. ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಬಾಯಿಂದ ಹೊರಟ ಆ ಮಾತು ನನ್ನದಾಗಿರಲಿಲ್ಲ. ಅದು ನಮ್ಮ ತಂದೆಯವರ ಮಾತು. ಐವತ್ತು ವರ್ಷಗಳ ಹಿಂದೆ ನಮ್ಮ ಚಿಕ್ಕಪ್ಪನ ವಿಷಯದಲ್ಲಿ ಅವರು ಅದನ್ನೇ ಆಡಿದ್ದರು: ‘ಅವನು ಕೆಟ್ಟ.’ ಚಿಕ್ಕಪ್ಪನು ಪ್ರಾಥಮಿಕ ಶಾಲೆಯ ಉಪಾಧ್ಯಾಯ, ಸುಶ್ರಾವ್ಯವಾದ ಕಂಠದವನು. ನನ್ನನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು ಕುಮಾರವ್ಯಾಸನನ್ನು ರಾಗವಾಗಿ ಓದಿಸಿದವನು ಅವನು. ನಾನು ಮೂವತ್ತು ವರ್ಷ ಕನ್ನಡ ಅಧ್ಯಾಪಕನಾಗಿ ಅನ್ನ ಉಂಡದ್ದು ಅವನು ಕೊಟ್ಟ ವಿದ್ಯೆಯಿಂದ. ಅವನಿಗೆ ಕುಡಿತ ಹತ್ತಿತು. 1971ರ ಮಳೆಗಾಲದ ಒಂದು ರಾತ್ರಿ ಅವನು ತೂರಾಡುತ್ತ ಬಂದಾಗ ತಂದೆಯವರು ನನಗೆ ‘ಅಗುಳಿ ಹಾಕು’ ಎಂದರು. ನಾನು ಹಾಕಿದೆನು. ನನಗೆ ಆಗ ಹದಿನಾಲ್ಕು ವರ್ಷ. ಹೊರಗಿನಿಂದ ಅವನು ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆದನು. ಎರಡು ವರ್ಷಗಳ ಮೇಲೆ ದೂರದ ಊರಿನ ಆಸ್ಪತ್ರೆಯಲ್ಲಿ ಅವನು ತೀರಿಕೊಂಡನೆಂದು ಕಾಗದ ಬಂದಿತು.

ಇಲ್ಲಿ ನನ್ನನ್ನು ತಪ್ಪಾಗಿ ತಿಳಿಯಬಾರದು. ಇದು ಕುಡಿತದ ಪರವಾದ ವಕಾಲತ್ತಲ್ಲ. ಸಾರಾಯಿಯು ನಮ್ಮ ಹಳ್ಳಿಗಳಲ್ಲಿ ಎಷ್ಟು ಮನೆಗಳ ಒಲೆಯನ್ನು ಆರಿಸಿತೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬನು. ನಮ್ಮ ತಂದೆಯವರಿಗೂ ತಮ್ಮನ ಮೇಲೆ ಪ್ರೀತಿಯಿಲ್ಲದೆ ಇರಲಿಲ್ಲ. ಮನುಷ್ಯನು ಪೀಪಾಯಿಯೂ ಅಲ್ಲ; ಕಾದಿದ್ದರೆ ತಿಳಿಯಾಗುತ್ತಿದ್ದನೆಂದು ನಾನು ಹೇಳಲಾರೆನು. ನನ್ನನ್ನು ಆ ರಾತ್ರಿ ಬಾಧಿಸಿದ ಪ್ರಶ್ನೆ ಬೇರೆ. ಚಿಕ್ಕಪ್ಪನ ವಿಷಯದಲ್ಲಿ ನಾವು ಕೊಟ್ಟದ್ದು ತೀರ್ಪೋ, ಇಲ್ಲವೆ ಮೊದಲ ಗುಟುಕಿಗೆ ಸಿಂಡರಿಸಿದ ಮುಖವೋ? ಕುಡಿತವು ಕೆಟ್ಟದ್ದೆಂಬ ಮಾತಿನಲ್ಲಿಯೇ ಅವನ ಕಂಠ, ಅವನ ಪಾಠ, ಅವನ ಸ್ನೇಹ ಎಲ್ಲವನ್ನೂ ಕಟ್ಟಿ ಹೊರಗೆ ಹಾಕಿದೆವಷ್ಟೆ.

ಕನ್ನಡದಲ್ಲಿ ಈ ವಿಷಯಕ್ಕೆ ಎಷ್ಟು ಮಾತುಗಳಿವೆಯೆಂದು ಹಾಸಿಗೆಯಲ್ಲಿಯೇ ಎಣಿಸತೊಡಗಿದೆನು. ಹಿಟ್ಟು ಹುದುಗುತ್ತದೆ, ಮೊಸರು ಹುಳಿಯಾಗುತ್ತದೆ, ಅನ್ನ ಹಳಸುತ್ತದೆ, ಹಣ್ಣು ಕೊಳೆಯುತ್ತದೆ, ಅಕ್ಕಿ ಮುಗ್ಗುತ್ತದೆ. ನಮ್ಮ ಅಜ್ಜಿಯರಲ್ಲಿ ಯಾರೂ ಹುದುಗಿದ ಇಡ್ಲಿಯ ಹಿಟ್ಟನ್ನು ‘ಹಳಸಿತು’ ಎನ್ನಲಿಲ್ಲ. ಆ ಹಿಟ್ಟನ್ನು ಉಬ್ಬಿಸುವುದೂ ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾವೇ ಎಂದು ಮಗನು ಹೇಳಿದ್ದನು. ಹುದುಗುವುದಕ್ಕೂ ಹಳಸುವುದಕ್ಕೂ ಇರುವ ಅಂತರವನ್ನು ಬೆರಳಿನ ತುದಿಯಿಂದ ತಿಳಿದಿದ್ದ ಜನರ ಮೊಮ್ಮಗನಾದ ನಾನು, ಇಷ್ಟೆಲ್ಲ ಮಾತುಗಳನ್ನು ಪಕ್ಕಕ್ಕಿಟ್ಟು, ‘ಕೆಟ್ಟಿದೆ’ ಎಂಬ ಒಂದೇ ಮಾತನ್ನು ಆರಿಸಿಕೊಂಡಿದ್ದೆನು. ಅಧ್ಯಾಪಕನಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೇನಿದ್ದೀತು?

ಬೆಳಿಗ್ಗೆ ಎದ್ದು, ‘ಇನ್ನೊಂದು ಸೀಸೆ ಇದೆಯೋ? ನಿಮ್ಮವರು ಹೇಗೆ ಪರೀಕ್ಷಿಸುತ್ತಾರೋ ಹಾಗೆಯೇ ನನಗೆ ಕಲಿಸು’ ಎಂದೆನು. ಒಂದು ವಾರ ಬಿಟ್ಟು ಭಾನುವಾರ ಸಂಜೆ ಅವನು ಮೇಜನ್ನು ಅಣಿಗೊಳಿಸಿದನು. ಬಿಯರು ತೀರ್ಪುಗಾರರನ್ನು ತರಬೇತುಗೊಳಿಸಿ ಪರೀಕ್ಷಿಸುವ ಸಂಸ್ಥೆಯೊಂದು 1985ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು; ಅವರ ಅಂಕಪಟ್ಟಿಯನ್ನು ಅನೇಕ ದೇಶಗಳಲ್ಲಿ ಬಳಸುತ್ತಾರೆ. ಒಟ್ಟು 50 ಅಂಕಗಳು: ಗಂಧಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯಲ್ಲಿ ಆಗುವ ಸ್ಪರ್ಶಕ್ಕೆ 5, ಒಟ್ಟಿನ ಪರಿಣಾಮಕ್ಕೆ 10. ನೋಟಕ್ಕೆ ಮೂರೇ ಅಂಕವೆಂಬುದನ್ನು ಕಂಡು ನನಗೆ ಆ ಪಟ್ಟಿಯನ್ನು ಬರೆದವರ ಮೇಲೆ ಗೌರವ ಹುಟ್ಟಿತು. ಮೊದಲ ನಿಯಮವೇನೆಂದರೆ, ನನಗೆ ಇಷ್ಟವಾಯಿತೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ; ಇದು ಏನಾಗಬೇಕೆಂದು ಹೊರಟಿತೋ ಅದಾಗಿದೆಯೋ ಎಂಬುದು ಪ್ರಶ್ನೆ. ಹರಿಕಥೆಯನ್ನು ಯಕ್ಷಗಾನವಲ್ಲವೆಂದು ಬೈಯಬಾರದು. ನಾನು ತರಗತಿಯಲ್ಲಿ ವರ್ಷವರ್ಷವೂ ಹೇಳುತ್ತಿದ್ದ ಮಾತೇ ಅದು. ಕಾವ್ಯಕ್ಕೆ ಸಹೃದಯನು ಬೇಕೆಂದು ಹೇಳುತ್ತಿದ್ದ ನನಗೆ, ‘ರಸ’ವೆಂಬ ಮಾತು ನಾಲಗೆಯಿಂದ ಕಾವ್ಯಕ್ಕೆ ಹೋದದ್ದೆಂಬುದು ಮರೆತುಹೋಗಿತ್ತು.

ಬಿಯರು ತೀರ ತಣ್ಣಗಿದ್ದರೆ ಗಂಧ ಏಳುವುದಿಲ್ಲವೆಂದು ಸ್ವಲ್ಪ ಹೊತ್ತು ಹೊರಗಿಟ್ಟಿದ್ದನು. ಮೊದಲು ಮೂಸಿದೆನು. ಹಣ್ಣಿನ ಗಂಧ ಬಂದಿತು. ಅದರ ಹಿಂದೆ ಬಾದಾಮಿಯದು. ಚೆರಿಯ ಬೀಜದಿಂದ ಅದು ಬರುವುದಂತೆ. ಆಮೇಲೆ ಆ ಕೊಟ್ಟಿಗೆ. ಈ ಸಲ ನಾನು ಓಡಿಹೋಗಲಿಲ್ಲ. ಕೊಟ್ಟಿಗೆಯೊಳಗೆ ನಿಂತು ನೋಡಿದೆನು. ಸಗಣಿಯಲ್ಲ, ಒಣಹುಲ್ಲು, ಹಳೆಯ ತೊಗಲು, ಎತ್ತಿನ ಮೈಯ ಬಿಸುಪು. ಬ್ರೆಟನೊಮೈಸಿಸ್ ಕೊಡುವ ಗಂಧವಿದು, ಈ ಬಗೆಯ ಬಿಯರಿನಲ್ಲಿ ಮಿತವಾಗಿದ್ದರೆ ಗುಣವೇ ಎಂದು ಮಗನು ಹೇಳಿದನು. ಇನ್ನೂ ಒಂದು ವಾಸನೆ ಎಲ್ಲಕ್ಕೂ ಮೇಲೆ ತೆಳ್ಳಗೆ ತೇಲುತ್ತಿತ್ತು. ಅದೇನೆಂದು ಹೊಳೆಯದೆ ನಾಲ್ಕಾರು ಸಲ ಮೂಸಿ, ‘ಉಗುರಿನ ಬಣ್ಣವನ್ನು ಅಳಿಸುವ ದ್ರವದಂತೆ’ ಎಂದೆನು. ಮಗನು ಏನನ್ನೂ ಹೇಳದೆ ಬರೆದುಕೊಂಡನು.

ಬಾಯಿಗೆ ಬಿಟ್ಟುಕೊಂಡಾಗ ಸಿಹಿಯನ್ನು ಹುಡುಕಬಾರದೆಂದು ಈಗ ಗೊತ್ತಿತ್ತು. ಹಣ್ಣಿನ ಸಕ್ಕರೆಯನ್ನೆಲ್ಲ ಜೀವಿಗಳು ತಿಂದುಬಿಟ್ಟಿರುತ್ತವೆ. ಉಳಿಯುವುದು ಹಣ್ಣಿನ ನೆನಪು. ಷಡ್ರಸಗಳನ್ನು ಒಂದೊಂದಾಗಿ ಕೇಳಿದೆನು. ಆಮ್ಲ ಮುಂದೆ ನಿಂತಿತ್ತು: ಮೊಸರಿನಂತಹ ಮೆತ್ತನೆಯ ಹುಳಿ ಬಹುಭಾಗ, ವಿನಿಗರಿನಂತಹ ಚೂಪಾದ ಹುಳಿ ಸ್ವಲ್ಪ, ಅದು ಬೇಕಾದುದಕ್ಕಿಂತ ಹೆಚ್ಚು. ತಿಕ್ತವಿಲ್ಲ. ಕಷಾಯವುಂಟು, ಹಣ್ಣಿನ ಸಿಪ್ಪೆಯಿಂದ ಬಂದ ಹಿತವಾದ ಒಗರು. ಗಂಟಲಿನಲ್ಲಿ ಮದ್ಯಸಾರದ ಬಿಸಿ. ಬಲವಾದ ಬಿಯರಿಗೆ ಬಿಸುಪು ಸಹಜ, ಉರಿ ದೋಷ. ಇದು ಎರಡರ ಗಡಿಯಲ್ಲಿತ್ತು. ಲೋಟವನ್ನು ಕೆಳಗಿಟ್ಟಾಗ ಮಗನು, ‘ಇನ್ನೂ ಬರೆಯಬೇಡಿ, ಸ್ವಲ್ಪ ಕಾಯಿರಿ’ ಎಂದನು. ಇಂತಹ ಬಿಯರಿನಲ್ಲಿ ಒಂದು ದೋಷವುಂಟು. ಇಲಿಯ ಗೂಡಿನಂತಹ ಕಮಟು. ಹುಳಿಯೊಳಗೆ ಅದು ಅಡಗಿರುತ್ತದೆ. ನುಂಗಿದ ಮೇಲೆ ಜೊಲ್ಲು ಹುಳಿಯನ್ನು ಕಡಿಮೆಮಾಡಿದಾಗ ಮಾತ್ರ ಹೊರಗೆ ಬರುತ್ತದೆ. ಅವಸರದ ತೀರ್ಪುಗಾರನಿಗೆ ಸಿಕ್ಕುವುದಿಲ್ಲ. ಇಬ್ಬರೂ ಮಾತಿಲ್ಲದೆ ಕಾದೆವು. ಕಮಟು ಬರಲಿಲ್ಲ. ಬದಲಾಗಿ ಆ ಬಾದಾಮಿ ಮತ್ತೆ ಬಂದು ಬಹಳ ಹೊತ್ತು ನಿಂತಿತು.

ನಾನು ಅಂಕಗಳನ್ನು ಬರೆದೆನು: ಗಂಧ 8, ನೋಟ 3, ರುಚಿ 12, ಸ್ಪರ್ಶ 3, ಪರಿಣಾಮ 6. ಒಟ್ಟು 32. ಆ ಪಟ್ಟಿಯ ಪ್ರಕಾರ 30ರಿಂದ 37ರವರೆಗೆ ‘ಬಹಳ ಉತ್ತಮ’. ಮೊದಲ ಸಂಜೆಯ ನನ್ನ ಮಾತಿನ ಬೆಲೆ 13ಕ್ಕಿಂತ ಕೆಳಗೆ ಬೀಳುತ್ತಿತ್ತು.

ಆಗ ಮಗನು ಸ್ಪರ್ಧೆಯ ಪತ್ರವನ್ನು ತಂದು ಮುಂದಿಟ್ಟನು. ತೀರ್ಪುಗಾರರು 28 ಕೊಟ್ಟಿದ್ದರು; ‘ಉತ್ತಮ’ವಷ್ಟೆ. ದ್ರಾವಕದ ವಾಸನೆ ಮೇಲೆ ಬಂದಿದೆ, ವಿನಿಗರಿನ ಹುಳಿ ಹೆಚ್ಚು, ಗಾಳಿ ಒಳಗೆ ಹೋಗದಂತೆ ನೋಡಿಕೊಳ್ಳಬೇಕು ಎಂದು ಬರೆದಿದ್ದರು. ನನ್ನ ಉಗುರಿನ ಬಣ್ಣವೇ ಅವರ ದ್ರಾವಕ. ಮಗನ ಮುಖ ಅರಳಿತು. ‘ನೀವು ದೋಷವನ್ನು ಸರಿಯಾಗಿ ಹಿಡಿದಿರಿ, ಅಪ್ಪ. ಪೀಪಾಯಿಯನ್ನು ತುಂಬಿಸಿಡದೆ ಹೋದದ್ದು ನನ್ನ ತಪ್ಪು’ ಎಂದನು. ಹೊಗಳಿದ್ದರೆ ಅವನಿಗೆ ಇಷ್ಟು ಸಂತೋಷವಾಗುತ್ತಿರಲಿಲ್ಲ. ಬಳಿಕ ನಗುತ್ತ, ‘ಆದರೆ ನಾಲ್ಕು ಅಂಕ ಹೆಚ್ಚು ಕೊಟ್ಟಿದ್ದೀರಿ’ ಎಂದನು.

ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ನೋಡಿದ ನಾನು ಕೃಪಾಂಕ ಕೊಟ್ಟವನಲ್ಲ. ಆ ನಾಲ್ಕು ಎಲ್ಲಿಂದ ಬಂದವೆಂದು ಪಟ್ಟಿಯನ್ನು ಮತ್ತೆ ನೋಡಿದೆನು. ಗಂಧದಲ್ಲಿ ಒಂದು, ರುಚಿಯಲ್ಲಿ ಎರಡು, ಪರಿಣಾಮದಲ್ಲಿ ಒಂದು ಎಂದು ಕಳೆದರೆ ಲೆಕ್ಕ ಸರಿಹೋಗುತ್ತಿತ್ತು. ಅವು ಬಿಯರಿಗೆ ಸಲ್ಲಬೇಕಾದವಲ್ಲವೆಂದು ನನಗೆ ಗೊತ್ತಿದೆ. ಮಗನಿಗೆ ಸಂದವೋ, ಬಾಗಿಲ ಹೊರಗೆ ನಿಂತು ಒಂದು ಸಲ ಕರೆದವನಿಗೆ ಸಂದವೋ, ಅದನ್ನು ನಾನು ಬಿಡಿಸಿ ಹೇಳಲಾರೆನು. ತಿದ್ದಲು ಲೇಖನಿಯನ್ನು ಎತ್ತಿದೆನು. ‘ಇರಲಿ ಬಿಡಿ’ ಎಂದು ಮಗನು ಪತ್ರವನ್ನು ಎಳೆದುಕೊಂಡನು. ಆ ರಾತ್ರಿ ನಾನು ಅವನಿಗೆ ಚಿಕ್ಕಪ್ಪನ ಸಂಗತಿಯನ್ನು, ಅಗುಳಿಯನ್ನೂ ಸೇರಿಸಿ, ಮೊದಲ ಬಾರಿಗೆ ಹೇಳಿದೆನು.

ಊರಿಗೆ ಹಿಂದಿರುಗಿದ ಮೇಲೆ ನಮ್ಮ ಸೋದರತ್ತೆಯವರನ್ನು ನೋಡಲು ಹೋದೆನು. ಚಿಕ್ಕಪ್ಪನ ಬೆನ್ನಿಗೆ ಹುಟ್ಟಿದ ತಂಗಿ ಅವರು, ಎಂಬತ್ತು ದಾಟಿದೆ. ‘ಮಗು ಅಲ್ಲಿ ಏನು ಓದುತ್ತಿದೆಯೋ?’ ಎಂದು ಎಂದಿನಂತೆ ಕೇಳಿದರು. ಎಂದಿನ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, ‘ಬಿಯರು ಮಾಡುವುದನ್ನು ಕಲಿಯುತ್ತಿದ್ದಾನೆ, ಅತ್ತೆ. ನಾನೂ ರುಚಿ ನೋಡಿದೆ’ ಎಂದೆನು.

ಅತ್ತೆ ಬಹಳ ಹೊತ್ತು ಬಾಗಿಲ ಕಡೆಗೇ ನೋಡುತ್ತಿದ್ದರು. ಆಮೇಲೆ, ‘ಚೆನ್ನಾಗಿ ಮಾಡುತ್ತಾನೇನೋ?’ ಎಂದರು.

‘ಐವತ್ತಕ್ಕೆ ಮೂವತ್ತೆರಡು’ ಎಂದೆನು.

‘ನೀನು ಕೊಟ್ಟೆಯಾ ಅಷ್ಟು?’ ಎಂದರು ಅತ್ತೆ. ‘ಹಾಗಾದರೆ ಚೆನ್ನಾಗಿಯೇ ಇರಬೇಕು.’